ಸತ್ತ ನಕ್ಷತ್ರದ ಸುದ್ದಿಗೂ ಜಾಗ ಕೊಡಿ

ಮಾನ್ಯರೇ,

ರಾಕೆಟ್ ಹಾರಿದ ದಿನ ಮುಖಪುಟದಲ್ಲಿ ದೊಡ್ಡ ಫೋಟೊ ಬರುತ್ತದೆ. ಆ ಉಪಗ್ರಹ ಆಮೇಲೆ ಏನು ನೋಡಿತು ಎನ್ನುವುದು ಓದುಗರಿಗೆ ತಲುಪುವುದು ಕಡಿಮೆ. 2024ರ ಜನವರಿ 1ರಂದು ಆಕಾಶಕಾಯಗಳ ಎಕ್ಸ್-ಕಿರಣ ಅಧ್ಯಯನ ಮಾಡಲು ಇಸ್ರೊ ಹಾರಿಸಿದ ಎಕ್ಸ್‌ಪೋಸ್ಯಾಟ್ ಕತೆಯೂ ಹೀಗೇ ಆಯಿತು. ಅದರಲ್ಲಿರುವ ಪೋಲಿಕ್ಸ್ ಉಪಕರಣವನ್ನು ರೂಪಿಸಿದ್ದು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ. ಅದು ಮೊದಲು ಕಣ್ಣು ನೆಟ್ಟಿದ್ದು ವೃಷಭ ರಾಶಿಯ ಏಡಿ ನೀಹಾರಿಕೆ ಎಂಬ ಮೋಡದ ನಡುವಿನ ಪಲ್ಸಾರ್, ಅಂದರೆ ವೇಗವಾಗಿ ತಿರುಗುವ ಸತ್ತ ನಕ್ಷತ್ರದ ಮೇಲೆ.

ಎಂಥ ವಸ್ತು ಅದು! 1054ರಲ್ಲಿ ಅಲ್ಲೊಂದು ನಕ್ಷತ್ರ ಸಿಡಿದಿದ್ದನ್ನು ಚೀನಾದವರು ಬರೆದಿಟ್ಟಿದ್ದಾರೆ. 23 ದಿನ ಹಗಲಲ್ಲೂ ಕಾಣುತ್ತಿತ್ತಂತೆ. ಹೊರಪದರವೆಲ್ಲ ಚದುರಿ ಮೋಡವಾಯಿತು. ಅದು ಇವತ್ತಿಗೂ ಸೆಕೆಂಡಿಗೆ ಸುಮಾರು 1,500 ಕಿ.ಮೀ. ವೇಗದಲ್ಲಿ ಹರಡುತ್ತಲೇ ಇದೆ. ನಡುವಿನ ತಿರುಳು ಕುಸಿದು ಉಂಡೆಯಾಯಿತು, ಅದೇ ಈ ಪಲ್ಸಾರ್. ಅಗಲ ಬರೀ 20 ಕಿ.ಮೀ. ಆಸುಪಾಸು, ತೂಕ ಮಾತ್ರ ಸೂರ್ಯನಿಗಿಂತ ಜಾಸ್ತಿ. ಸೆಕೆಂಡಿಗೆ ಸುಮಾರು 30 ಸಲ ಗಿರಗಿರ ತಿರುಗುತ್ತದೆ! ಇದನ್ನು ಹೇಳಿದರೆ ಮಕ್ಕಳು ಕಣ್ಣರಳಿಸಿ ಕೇಳುತ್ತಾರೆ, ಅಲ್ವಾ?

ವಾರಕ್ಕೊಮ್ಮೆ ಕಾಲು ಪುಟ ಸಾಕು. ಈ ಕೆಲಸ ಮಾಡುತ್ತಿರುವ ವಿಜ್ಞಾನಿಗಳಿಂದಲೇ ಸರಳ ಕನ್ನಡದಲ್ಲಿ ಬರೆಸಿ. ಚಳಿಗಾಲದ ರಾತ್ರಿ ಯಾವ ದಿಕ್ಕಿಗೆ ನೋಡಿದರೆ ವೃಷಭ ರಾಶಿ ಸಿಗುತ್ತದೆ ಎಂದು ತೋರಿಸುವ ನಕ್ಷೆಯೂ ಜೊತೆಗಿರಲಿ.

– ಹೈಸ್ಕೂಲ್ ಶಿಕ್ಷಕಿ, ತುಮಕೂರು