ಮನೆ ಕಾಯುತ್ತೇನೆಂದ ಮಗಳಿಗೆ

ಚಿ. ಸೌ. ಮಂಜುಳಾಳಿಗೆ ಅಪ್ಪನ ಆಶೀರ್ವಾದಗಳು.

ನೆರೆ ಬರುವಂತಿದ್ದರೂ ಮನೆ ಕಾಯಲು ಅಲ್ಲೇ ಉಳಿಯುತ್ತೇನೆಂದು ನೀನು ಹಟ ಹಿಡಿದಾಗ, ನಿನ್ನೆ ರಾತ್ರಿ ಫೋನಿನಲ್ಲಿ ನಾನು ಅಷ್ಟು ಏರುದನಿಯಲ್ಲಿ ಮಾತನಾಡಬಾರದಿತ್ತು, ಬೇಸರ ಮಾಡಿಕೊಳ್ಳಬೇಡ. ಹೇಳಬೇಕಾದುದನ್ನು ಬರೆದು ನಿನ್ನ ತಮ್ಮನ ಕೈಯಲ್ಲಿ ಕಳಿಸುತ್ತಿದ್ದೇನೆ. ಅವನು ತರುವ ಟ್ರ್ಯಾಕ್ಟರಿಗೆ ಮಕ್ಕಳನ್ನೂ ನಿಮ್ಮ ಅತ್ತೆಯವರನ್ನೂ ಹತ್ತಿಸಿ, ನೀನೂ ಹತ್ತು.

ಎಲ್ಲರೂ ಹೊರಟರೆ ಕಳ್ಳರಿಗೆ ತಾವಾಗಿಯೇ ದಾರಿ ಮಾಡಿಕೊಟ್ಟ ಹಾಗಾಗುತ್ತದೆ ಎಂದೆಯಲ್ಲ, ಆ ಭಯ ಸುಳ್ಳಲ್ಲ. 2019ರ ಆಗಸ್ಟಿನಲ್ಲಿ ಮಲಪ್ರಭೆಯ ನವಿಲುತೀರ್ಥದ ಅಣೆಕಟ್ಟೆಯಿಂದ ಬಿಟ್ಟ ನೀರು ನಮ್ಮ ಓಣಿಗೆ ನುಗ್ಗಿದಾಗ, ಖಾಲಿ ಮನೆಗಳಿಂದ ತಾಮ್ರದ ಹಂಡೆ, ಗ್ಯಾಸ್ ಸಿಲಿಂಡರ್, ಪಂಪ್‌ಸೆಟ್ಟಿನ ಕೇಬಲ್ ಕಾಣೆಯಾದದ್ದು ನಿಜ. ಆದರೆ ಕಳ್ಳರು ಬಂದದ್ದು ನೀರು ಏರಿದ್ದಾಗಲ್ಲ. ನೀರು ಮೊಣಕಾಲಿಗಿಳಿದು, ಜನ ಇನ್ನೂ ಕಾಳಜಿ ಕೇಂದ್ರದಲ್ಲೇ ಉಳಿದಿದ್ದ ದಿನಗಳಲ್ಲಿ, ರಸ್ತೆಯ ಕಡೆಯಿಂದ, ಟೆಂಪೊ ತೆಗೆದುಕೊಂಡು ಬಂದರು.

ನಮ್ಮ ಹಿತ್ತಲ ಆಚೆಯ ಕಾಕಾ ಮಾತ್ರ ಮನೆ ಬಿಡಲಿಲ್ಲ. ಟ್ರಂಕನ್ನು ಮಾಳಿಗೆಗೆ ಏರಿಸಿಕೊಂಡು, ಅದರ ಮೇಲೆ ಕಂಬಳಿ ಹೊದ್ದು ಕುಳಿತಿದ್ದರು. ಬೋಟಿನವರು ಬಂದು ಕರೆದರೂ ಕೈಬೀಸಿ ಕಳಿಸಿಬಿಟ್ಟರು. ಆ ಟ್ರಂಕಿನಲ್ಲಿ ಇದ್ದುದಾದರೂ ಏನು? ಹೊಲದ ಕಾಗದಗಳು, ಕಾಕೂ ಉಟ್ಟು ಬಿಟ್ಟ ಎರಡು ಇಳಕಲ್ ಸೀರೆಗಳು, ಬೆಳ್ಳಿಯ ಕರಡಿಗೆ. ನೀರು ಇಳಿಯತೊಡಗಿದಾಗ ಇನ್ನೇನು ಗಂಡಾಂತರ ಕಳೆಯಿತೆಂದು ನಾವೆಲ್ಲ ನಂಬಿದ್ದೆವು. ಮರುದಿನ ಬಿಸಿಲೂ ಬಿತ್ತು. ದಿನಗಟ್ಟಲೆ ನೀರು ಕುಡಿದ ಮಣ್ಣಿನ ಗೋಡೆ, ಹೊರಗಿನ ನೀರು ಒತ್ತಿ ಹಿಡಿದಿರುವವರೆಗೆ ನಿಂತಿದ್ದು, ಅದು ಸರಿದ ಮೇಲೆ ಕುಸಿಯುತ್ತದೆ ಎಂಬುದು ಅಂದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ಆಮೇಲಿನದು ನಿನಗೆ ಗೊತ್ತೇ ಇದೆ. ಟ್ರಂಕಿನ ಬೀಗ ಮಾತ್ರ ಹಾಕಿದ ಹಾಗೆಯೇ ಇತ್ತು. ಮಣ್ಣು ಸರಿಸಿ ಅದನ್ನು ಎತ್ತಿದವನು ನಾನು. ಮಳೆಗಾಲ ಬಂತೆಂದರೆ ಆ ಭಾರ ಈಗಲೂ ನನ್ನ ಕೈಯಲ್ಲಿ ಇರುತ್ತದೆ ಮಗಳೇ. ನಿಮ್ಮ ಮನೆಯ ಮುಂಭಾಗ ಆರ್‌ಸಿಸಿ ಇರಬಹುದು, ಆದರೆ ನೀವು ಮಲಗುವ ಪಡಸಾಲೆಯ ಗೋಡೆ ಮಣ್ಣಿನದು. ಕಾಕಾನ ಮನೆಯ ಗೋಡೆ ಅದಕ್ಕಿಂತ ದಪ್ಪವಾಗಿತ್ತು.

ಆದ್ದರಿಂದ ಅಳಿಯಂದಿರಿಗೂ ನನ್ನ ಬಿನ್ನಹ ತಿಳಿಸು: ಕಾಯುವುದಾದರೆ ಊರನ್ನು ಹೊರಗಿನಿಂದ ಕಾಯಿರಿ, ಮನೆಯೊಳಗೆ ಒಬ್ಬೊಬ್ಬರೇ ಕುಳಿತಲ್ಲ. 2009ರ ನೆರೆಯ ನಂತರ ಕಟ್ಟಿದ ಆಸರೆ ಮನೆಗಳು ನಿಮ್ಮ ಊರಿನಲ್ಲಿ ಎತ್ತರದ ಮೇಲೆಯೇ ಇವೆ. ಹುಡುಗರು ಅಲ್ಲಿ ಪಾಳಿಯ ಮೇಲೆ ಎಚ್ಚರವಿದ್ದು, ಊರಿಗೆ ಬರುವ ವಾಹನಗಳ ನಂಬರ್ ಬರೆದುಕೊಂಡು, ಅನುಮಾನ ಬಂದರೆ 112ಕ್ಕೆ ಕರೆ ಮಾಡಲಿ. ಅಪರಿಚಿತನನ್ನು ಕಂಡ ಕೂಡಲೇ ಬಡಿಗೆ ಎತ್ತುವುದು ಬೇಡ, ಅವನು ತಪ್ಪಿಸಿಕೊಂಡ ಎಮ್ಮೆ ಹುಡುಕಿಕೊಂಡು ಬಂದವನೂ ಆಗಿರಬಹುದು. ಆಸ್ತಿ ಕಾಪಾಡಿಕೊಳ್ಳಲು ಕಾನೂನು ಹಕ್ಕು ಕೊಟ್ಟಿದೆ ನಿಜ, ಅಗತ್ಯಕ್ಕಿಂತ ಹೆಚ್ಚು ಹೊಡೆಯುವ ಹಕ್ಕನ್ನು ಕೊಟ್ಟಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ನೀರು ಇಳಿದ ಕೂಡಲೇ ಕಾವಲು ಬಿಡಬಾರದು. ಜನ ತಿರುಗಿ ಬಂದು ನೆಲೆಯಾಗುವವರೆಗೂ ಅದು ನಡೆಯಬೇಕು.

ಹೊರಡುವ ಮುನ್ನ ಮೇನ್ ಸ್ವಿಚ್ ಆರಿಸು. ಸಿಲಿಂಡರ್ ತೇಲಿಹೋಗದಂತೆ ಕಿಟಕಿಯ ಸರಳಿಗೆ ಸರಪಳಿ ಹಾಕಿ ಕಟ್ಟು. ಪ್ರತಿ ಕೋಣೆಯ ಫೋಟೊ ತೆಗೆದು ನಿನ್ನ ತಮ್ಮನಿಗೆ ಕಳಿಸಿದರೆ, ಪಂಚನಾಮೆಯ ಹೊತ್ತಿಗೆ ಏನಿತ್ತು, ಏನು ಹೋಯಿತೆಂದು ತೋರಿಸಲು ಆಧಾರವಿರುತ್ತದೆ. ಪಹಣಿ, ಆಧಾರ್, ಪಾಸ್‌ಬುಕ್ ಪ್ಲಾಸ್ಟಿಕ್ ಚೀಲದಲ್ಲಿರಲಿ. ಬಂಗಾರವನ್ನು ಅಟ್ಟದ ಕಾಳಿನ ಡಬ್ಬಿಯಲ್ಲಿ ಬಚ್ಚಿಡಬೇಡ, ಕಳ್ಳರು ಮೊದಲು ಕೈಹಾಕುವುದೇ ಅಲ್ಲಿಗೆ. ನಿನ್ನ ಅವ್ವ ಅದನ್ನು ಇಲ್ಲಿಯ ಬ್ಯಾಂಕಿನ ಲಾಕರಿನಲ್ಲಿ ಇಡಿಸುತ್ತಾಳೆ.

ಬರೆಯುತ್ತ ಬರೆಯುತ್ತ ಮತ್ತೆ ಉಪದೇಶವೇ ಆಯಿತು. ಸಂಘದ ಹೆಂಗಸರನ್ನು ಕೂಡಿಸಿ ಮನೆಮನೆಯ ಸಾಮಾನಿನ ಪಟ್ಟಿ ಬರೆಸಿದ್ದೀಯೆಂದು ಅಳಿಯಂದಿರು ಹೇಳಿದಾಗ ಎದೆ ತುಂಬಿ ಬಂತು. ಅದನ್ನು ನಿನ್ನೆಯೇ ನಿನಗೆ ಹೇಳಬೇಕೆಂದಿದ್ದೆ, ಅಷ್ಟರಲ್ಲಿ ಜಗಳವಾಯಿತು. ಆ ಪಟ್ಟಿಯ ಒಂದು ಪ್ರತಿಯನ್ನು ಗ್ರಾಮ ಪಂಚಾಯಿತಿಗೂ ಕೊಡು.

ಬೆಣ್ಣೆಹಳ್ಳವೂ ತುಂಬಿದೆಯಂತೆ, ಕತ್ತಲಾದರೆ ಈ ಕಡೆಯ ದಾರಿಯೂ ಮುಚ್ಚಬಹುದು. ನರಗುಂದದ ಈ ಮನೆಯಲ್ಲಿ ನಿನ್ನ ಅವ್ವ ನಡುಮನೆ ಖಾಲಿ ಮಾಡಿಸುತ್ತಿದ್ದಾಳೆ. ನಿಮ್ಮ ಓಣಿಯ ಒಂದೆರಡು ಕುಟುಂಬಗಳು ನಿನ್ನ ಜೊತೆಗೆ ಬಂದರೂ ಜಾಗವಿದೆ, ಕರೆದುಕೊಂಡು ಬಾ.

ಇಂತಿ,
ನಿನ್ನ ಅಪ್ಪ