ಮಿಡ್‌ನೈಟ್ ಒಬ್ಬನಲ್ಲ, ಮೂವರು

ಮಾನ್ಯ ಸಂಪಾದಕರೇ,

ಕಾಮಿಕ್ಸ್ ಮೇಳದ ಬಗ್ಗೆ ನಿಮ್ಮ ನಿನ್ನೆಯ ವರದಿಯನ್ನು ಮಗಳು ಓದಿ ಹೇಳಿದಾಗ ಮೈ ಉರಿಯಿತು. 'ಎಲ್ಲರಿಗೂ ಅನುಕೂಲವಾದ ವ್ಯವಸ್ಥೆ' ಅಂತ ಬರೆದಿದ್ದೀರಿ. ಯಾರಿಗೆ ಸ್ವಾಮಿ ಅನುಕೂಲ? ನನಗೆ ಇರುಳುಗುರುಡು, ಹಗಲಲ್ಲೂ ಅರ್ಧಂಬರ್ಧ ಕಾಣುತ್ತದೆ. ಅಮೆರಿಕದ ಕಾಮಿಕ್ಸಿನ ಕುರುಡು ಸೂಪರ್‌ಹೀರೋ ಡಾಕ್ಟರ್ ಮಿಡ್‌ನೈಟ್ ಬಗ್ಗೆ ಒಂದು ಮಳಿಗೆ ಇದೆ ಅಂತಲೇ ಅಲ್ಲಿಗೆ ಹೋಗಿದ್ದು. ಒಳಗೆ ಲೈಟೆಲ್ಲ ಆರಿಸಿ ಒಂದು ನೀಲಿ ಬಲ್ಬು ಹಾಕಿದ್ದರು. ಕಪ್ಪು ಬೋರ್ಡಿನ ಮೇಲೆ ಕಡುಗೆಂಪು ಅಕ್ಷರ, ಅದೂ ಇರುವೆ ಗಾತ್ರ. ನೆಲದ ಮೇಲೆ ಬಿದ್ದಿದ್ದ ವೈರು ಎಡವಿ ಮೊಣಕಾಲು ತರಚಿತು. ಕೇಳಿದರೆ ಅಲ್ಲಿದ್ದ ಹುಡುಗ 'ಕಣ್ಣು ಕಾಣಲ್ಲ ಅಂದ್ಮೇಲೆ ಯಾಕೆ ಬಂದ್ರಿ' ಅಂದ. ಕುರುಡು ಡಾಕ್ಟರ ಚಿತ್ರದ ಮುಂದೆ ನಿಂತು ಆಡುವ ಮಾತಾ ಇದು?

ಹೋಗಲಿ, ವರದಿಯಾದರೂ ಸರಿ ಇದೆಯಾ? ಮಿಡ್‌ನೈಟ್ ಅಂದರೆ ಒಬ್ಬನೇ ಅಂದುಕೊಂಡಿದ್ದೀರಿ. 1941ರಲ್ಲಿ ಬಂದ ಚಾರ್ಲ್ಸ್ ಮೆಕ್‌ನೈಡರ್ ಮೊದಲನೆಯವನು. ಗಾಯಗೊಂಡ ಸಾಕ್ಷಿಗೆ ಚಿಕಿತ್ಸೆ ಕೊಡುವಾಗ ರೌಡಿಗಳು ಎಸೆದ ಗ್ರೆನೇಡಿನಿಂದ ಅವನ ಕಣ್ಣು ಹೋಯಿತು. ಒಂದು ರಾತ್ರಿ ಕಿಟಕಿಯಿಂದ ಗೂಬೆ ಒಳಗೆ ನುಗ್ಗಿತು, ಕಣ್ಣಿನ ಬ್ಯಾಂಡೇಜ್ ತೆಗೆದರೆ ಕತ್ತಲಲ್ಲಿ ಎಲ್ಲ ಕಾಣುತ್ತಿದೆ! ಆಮೇಲೆ 1985ರಲ್ಲಿ ಬಂದ ಬೆತ್ ಚಾಪೆಲ್ ಎಂಬ ಕಪ್ಪು ಜನಾಂಗದ ಡಾಕ್ಟರಮ್ಮ ಆ ಹೆಸರು ಹೊತ್ತರು, 1999ರಲ್ಲಿ ಪೀಟರ್ ಕ್ರಾಸ್. ಮೂವರೂ ಡಾಕ್ಟರು, ಮೂವರೂ ದೃಷ್ಟಿ ಕಳೆದುಕೊಂಡವರು. ಒಬ್ಬನೇ ಆಗಿದ್ದರೆ ಪವಾಡ ಅಂದುಬಿಡಬಹುದಿತ್ತು. ಒಬ್ಬರಾದ ಮೇಲೆ ಒಬ್ಬರು ಬಂದಾಗ ಕುರುಡರೂ ಡಾಕ್ಟರ ಕೆಲಸ ಮಾಡುತ್ತಾರೆ ಅಂತ ಒಪ್ಪಲೇಬೇಕಾಗುತ್ತದೆ. ನನಗೆ ಈ ಕಥೆ ಇಷ್ಟವಾಗಿದ್ದೇ ಅದಕ್ಕೆ. ಬೆತ್ ಹೆಸರನ್ನೂ ಹಾಕದೆ, ಕೊನೆಗೆ 'ಇದು ಕಲ್ಪನೆಯಲ್ಲಷ್ಟೇ ಸಾಧ್ಯ' ಅಂತ ಬೇರೆ ಬರೆದಿದ್ದೀರಿ. ಅಮೆರಿಕದ ಡೇವಿಡ್ ಹಾರ್ಟ್‌ಮನ್ ಕಣ್ಣು ಕಾಣದೆಯೇ 1976ರಲ್ಲಿ ಟೆಂಪಲ್ ಯೂನಿವರ್ಸಿಟಿಯಲ್ಲಿ ಮೆಡಿಕಲ್ ಮುಗಿಸಿ ಮನೋವೈದ್ಯರಾದರು. ಅದೂ ಕಲ್ಪನೆಯಾ?

ಮೇಳ ಉದ್ಘಾಟಿಸಿದ ಅಧಿಕಾರಿಗಳ ಫೋಟೋ ಮಾತ್ರ ದೊಡ್ಡದಾಗಿ ಹಾಕಿದ್ದೀರಿ. ಅಂಗವಿಕಲರ ಸರ್ಟಿಫಿಕೇಟ್ ಕೇಳಿಕೊಂಡು ಹೋದರೆ ಇದೇ ಜನ 'ಸಾಹೇಬ್ರು ಮೀಟಿಂಗಲ್ಲಿದ್ದಾರೆ, ನಾಳೆ ಬನ್ನಿ' ಅಂತ ಹೇಳಿಸುತ್ತಾರೆ. ನಮ್ಮ ಬಸ್ ಸ್ಟಾಪಿನ ಮುಂದೆ ಅಗೆದ ಗುಂಡಿ ಇನ್ನೂ ಹಾಗೇ ಇದೆ. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರಲ್ಲೇ ಬಂತು, ಅದನ್ನು ಓದಿದವರು ಒಬ್ಬರಾದರೂ ಆ ಕಚೇರಿಯಲ್ಲಿ ಇದ್ದಾರಾ?

ತಪ್ಪು ವರದಿಗೆ ತಿದ್ದುಪಡಿ ಹಾಕಿ. ಮೇಳದವರು ಲೈಟ್ ಹಾಕಲಿ, ಬೋರ್ಡಿನಲ್ಲಿರುವುದನ್ನು ಓದಿ ಹೇಳಲು ಒಬ್ಬರನ್ನು ಕೂರಿಸಲಿ, ಆಗದಿದ್ದರೆ ಆ ಮಳಿಗೆ ಮುಚ್ಚಲಿ. ಅಧಿಕಾರಿಗಳೂ ಸ್ವಲ್ಪ ನಾಚಿಕೊಳ್ಳಲಿ.

— ನಿಮ್ಮ ಹಳೆಯ ಓದುಗ