ಡಬ್ಬಿಗಿಂತ ತಂತಿ ಮುಖ್ಯ

ಸ್ಟಾಕ್‌ಹೋಮ್

ಪ್ರೀತಿಯ ಅಕ್ಕನಿಗೆ ನಮಸ್ಕಾರಗಳು.

ಅಮ್ಮನಿಗೆ ಪೇಸ್‌ಮೇಕರ್ ಹಾಕಬೇಕೆಂದಿರುವುದು ತಿಳಿಯಿತು, ನೀನು ಕಳಿಸಿದ ಇಸಿಜಿಯನ್ನೂ ನೋಡಿದೆ. ಹೃದಯದ ಮೇಲ್ಕೋಣೆಗಳ ಸಣ್ಣ ಅಲೆಗಳು ನಿಮಿಷಕ್ಕೆ 80ರಂತೆ ಸರಿಯಾಗಿಯೇ ಬರುತ್ತಿವೆ. ಕೆಳಕೋಣೆಗಳ ಎತ್ತರದ ಅಲೆಗಳು ಮಾತ್ರ 36. ಒಂದಕ್ಕೂ ಇನ್ನೊಂದಕ್ಕೂ ತಾಳಮೇಳವೇ ಇಲ್ಲ. ಇದು ಕಂಪ್ಲೀಟ್ ಹಾರ್ಟ್ ಬ್ಲಾಕ್. ಹೆಸರು ಕೇಳಿ ರಕ್ತನಾಳ ಕಟ್ಟಿಕೊಂಡಿದೆ ಅಂದುಕೊಳ್ಳಬೇಡಿ. ಆ ಬ್ಲಾಕೇ ಬೇರೆ, ಅದಕ್ಕೆ ಸ್ಟೆಂಟ್. ಇಲ್ಲಿ ಕೆಟ್ಟಿರುವುದು ಕರೆಂಟಿನ ದಾರಿ. ಮೇಲಿನಿಂದ ಹೊರಟ ಸಂಕೇತ ಮೇಲ್ಕೋಣೆ ಕೆಳಕೋಣೆಗಳ ನಡುವೆ ಕರೆಂಟು ಹಾಯುವ ಕೊಂಡಿಯಾದ ಎವಿ ನೋಡ್ ದಾಟಿ ಕೆಳಗಿಳಿಯುತ್ತಿಲ್ಲ. ಕೆಳಕೋಣೆಯ ಜೀವಕೋಶಗಳು ತಾವಾಗಿಯೇ ನಿಧಾನಕ್ಕೆ ಮಿಡಿಯಬಲ್ಲವು, ನಿಮಿಷಕ್ಕೆ 20ರಿಂದ 40 ಸಲ. ಸದ್ಯಕ್ಕೆ ಅಮ್ಮನನ್ನು ಕಾಯುತ್ತಿರುವುದು ಆ ಮೀಸಲು ಮಿಡಿತ. ಅದನ್ನು ನೆಚ್ಚಿ ಕೂರುವ ಹಾಗಿಲ್ಲ, ಹಾಗಾಗಿ ಮಾನಿಟರ್ ಹಾಕಿ ಮಲಗಿಸಿರುವುದು ಸರಿಯೇ.

ಡಾಕ್ಟರ ಹತ್ತಿರ ಮೊದಲು ಇದನ್ನು ಕೇಳು: ಅಮ್ಮನ ಮಾತ್ರೆಗಳಲ್ಲಿ ಮಿಡಿತವನ್ನು ನಿಧಾನಗೊಳಿಸುವ ಮೆಟೊಪ್ರೊಲಾಲ್, ಡಿಲ್ಟಿಯಾಜೆಮ್, ಡಿಗಾಕ್ಸಿನ್ ಏನಾದರೂ ಇದೆಯೇ? ರಕ್ತದಲ್ಲಿ ಪೊಟ್ಯಾಸಿಯಂ ಮತ್ತು ಥೈರಾಯ್ಡ್ ನೋಡಿದ್ದಾರೆಯೇ? ಇವುಗಳಿಂದಾದ ಬ್ಲಾಕ್ ಕೆಲವೊಮ್ಮೆ ಪೇಸ್‌ಮೇಕರ್ ಇಲ್ಲದೆಯೇ ಬಿಟ್ಟುಹೋಗುತ್ತದೆ. ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ, ಕೇಳಿ ಅಷ್ಟೆ.

ಪೇಸ್‌ಮೇಕರ್ ಅಂದರೆ ಟೈಟಾನಿಯಂ ಡಬ್ಬಿಯೊಳಗೆ ಒಂದು ಲಿಥಿಯಂ ಬ್ಯಾಟರಿ, ಒಂದು ಸರ್ಕ್ಯೂಟ್. ತೂಕ 20ರಿಂದ 30 ಗ್ರಾಂ. ಅದನ್ನು ಕೊರಳೆಲುಬಿನ ಕೆಳಗೆ, ಚರ್ಮದಡಿ ಜೇಬಿನಂತೆ ಮಾಡಿ ಇಡುತ್ತಾರೆ. ಸುಮಾರು 50–60 ಸೆಂ.ಮೀ. ಉದ್ದದ ಲೀಡ್, ಅಂದರೆ ತಂತಿ, ಅಲ್ಲಿಂದಲೇ ರಕ್ತನಾಳ ಹೊಕ್ಕು ಹೃದಯ ತಲುಪುತ್ತದೆ. ಆ ಜಾಗವನ್ನಷ್ಟೇ ಮರಗಟ್ಟಿಸಿ ಮಾಡುವ ಕೆಲಸ, ಎದೆ ಸೀಳುವುದಿಲ್ಲ. ಅಮ್ಮನ ಮೇಲ್ಕೋಣೆ ಚೆನ್ನಾಗಿರುವುದರಿಂದ ಮೇಲೊಂದು ಕೆಳಗೊಂದು, ಹೀಗೆ ಎರಡು ಲೀಡಿನ ಡಿಡಿಡಿ ಎಂಬ ಬಗೆ ಹೊಂದುತ್ತದೆ. ಮೇಲಿನ ಲೀಡ್ ಮಿಡಿತವನ್ನು ಆಲಿಸುತ್ತದೆ. 150–200 ಮಿಲಿಸೆಕೆಂಡ್ ಕಾದರೂ ಕೆಳಗೆ ಮಿಡಿತ ಬರದಿದ್ದರೆ ಕೆಳಗಿನ ಲೀಡ್ ಒಂದು ಸಣ್ಣ ತಟ್ಟು ಕೊಡುತ್ತದೆ. ಹೀಗಾಗಿ ಮೆಟ್ಟಿಲು ಹತ್ತುವಾಗ ವೇಗ ತಾನಾಗಿಯೇ ಏರುತ್ತದೆ. ಕೆಳಕೋಣೆಗೆ ಮಾತ್ರ ಒಂದೇ ಲೀಡ್ ಇರುವ ವಿವಿಐ ಎಂಬ ಬಗೆ ಹಾಕಿದರೆ ಮೇಲೆ ಕೆಳಗೆ ಹೊಂದಾಣಿಕೆ ಇರುವುದಿಲ್ಲ, ಕೆಲವರಿಗೆ ತಲೆಸುತ್ತು, ಸುಸ್ತು ಬರುವುದುಂಟು.

ಕೆಳಗಿನ ಲೀಡಿನ ತುದಿಯನ್ನು ಎಲ್ಲಿ ಕೂರಿಸುತ್ತಾರೆ ಅಂತಲೂ ಕೇಳು. ಅಮ್ಮನಿಗೆ ಬಹುಪಾಲು ಪ್ರತಿ ಮಿಡಿತಕ್ಕೂ ತಟ್ಟು ಬೇಕಾಗುತ್ತದೆ. ಬಲ ಕೆಳಕೋಣೆಯ ತುದಿಯಿಂದಲೇ ವರ್ಷಗಟ್ಟಲೆ ತಟ್ಟಿದರೆ ಕೆಲವರ ಹೃದಯದ ಬಲ ಕುಗ್ಗುತ್ತದೆ. ಹೃದಯದ ಎಡ ಕೆಳಕೋಣೆಗೆ ಕರೆಂಟು ಒಯ್ಯುವ ಸಹಜ ದಾರಿಯಾದ ಎಡ ಬಂಡಲ್ ಬ್ರಾಂಚ್ ಬಳಿ ಕೂರಿಸುವ ವಿಧಾನ ಈಗ ಹೆಚ್ಚುತ್ತಿದೆ. ಅವರಿಗೆ ಅದರಲ್ಲಿ ಕೈ ಪಳಗಿದ್ದರೆ ಒಳ್ಳೆಯದು, ಇಲ್ಲದಿದ್ದರೆ ಒತ್ತಾಯ ಮಾಡಬೇಡ.

ಡಬ್ಬಿ ಯಾವ ಕಂಪನಿಯದು ಅಂತ ಅಪ್ಪ ಕೇಳಿದ್ದಾರೆ. ನನ್ನ ಮಟ್ಟಿಗೆ ಅದು ಕಡೆಯ ಪ್ರಶ್ನೆ. ಡಬ್ಬಿ ಅಪರೂಪಕ್ಕೆ ಕೈಕೊಡುತ್ತದೆ, ತೊಂದರೆಯೆಲ್ಲ ಹೆಚ್ಚಾಗಿ ತಂತಿಯದ್ದು, ಗಾಯದ್ದು. ಪ್ರತಿ ಲೀಡಿಗೂ ಮೂರು ಅಂಕಿ ಬರೆಸಿಕೊ. ಒಂದು, ಥ್ರೆಶೋಲ್ಡ್: ಹೃದಯ ಓಗೊಡಲು ಬೇಕಾದ ಕನಿಷ್ಠ ವೋಲ್ಟ್. 0.4 ಮಿಲಿಸೆಕೆಂಡಿನ ತಟ್ಟಿಗೆ 1 ವೋಲ್ಟಿನೊಳಗಿದ್ದರೆ ಚೆನ್ನ. ಎರಡು, ಸೆನ್ಸಿಂಗ್: ಹೃದಯದ ಸ್ವಂತ ಮಿಡಿತ ಲೀಡಿಗೆ ಎಷ್ಟು ಜೋರಾಗಿ ಕೇಳುತ್ತದೆ ಎಂಬುದು. ಕೆಳಗೆ 5 ಮಿಲಿವೋಲ್ಟಿಗಿಂತ ಹೆಚ್ಚಿರಲಿ. ಅಮ್ಮನ ಸ್ವಂತ ಮಿಡಿತವೇ ಇಲ್ಲದಾಗ ಇದನ್ನು ಅಳೆಯಲಾಗದು, ಗಾಬರಿಯಾಗಬೇಡ. ಮೂರು, ಇಂಪೀಡನ್ಸ್: ಕರೆಂಟಿಗೆ ಇರುವ ಅಡ್ಡಿ, ಸಾಮಾನ್ಯವಾಗಿ 300ರಿಂದ 1000 ಓಮ್. ಮುಂದೆ ಒಮ್ಮೆಲೇ ಏರಿದರೆ ತಂತಿ ತುಂಡಾಗಿರಬಹುದು ಅಥವಾ ಡಬ್ಬಿಯ ಸ್ಕ್ರೂ ಸಡಿಲವಾಗಿರಬಹುದು. ತೀರಾ ಇಳಿದರೆ ಮೇಲಿನ ಇನ್ಸುಲೇಶನ್ ಸವೆದಿದೆ ಅಂತ.

ಮೊದಲ ವಾರಗಳಲ್ಲಿ ತುದಿಯ ಸುತ್ತ ಊತ ಬಂದು ಥ್ರೆಶೋಲ್ಡ್ ಏರುತ್ತದೆ. ಅದಕ್ಕೇ ಆರಂಭದಲ್ಲಿ ವೋಲ್ಟೇಜ್ ಜಾಸ್ತಿ ಇಟ್ಟು, ಸುಮಾರು ಮೂರು ತಿಂಗಳ ಚೆಕಪ್‌ನಲ್ಲಿ ಇಳಿಸುತ್ತಾರೆ. ಆ ಚೆಕಪ್ ಮಾತ್ರ ತಪ್ಪಿಸಬೇಡಿ. ವೋಲ್ಟೇಜ್ ಅರ್ಧಕ್ಕಿಳಿದರೆ ಪ್ರತಿ ತಟ್ಟಿಗೆ ಖರ್ಚಾಗುವ ಶಕ್ತಿ ಕಾಲುಭಾಗಕ್ಕೆ ಇಳಿಯುತ್ತದೆ, ಬ್ಯಾಟರಿ ವರ್ಷಗಟ್ಟಲೆ ಹೆಚ್ಚು ಬರುತ್ತದೆ.

ನಾಲ್ಕರಿಂದ ಆರು ವಾರ ಆ ಬದಿಯ ಮೊಣಕೈ ಭುಜಕ್ಕಿಂತ ಮೇಲೆ ಏರದಿರಲಿ, ಲೀಡ್ ಜಾರೀತು. ಹಾಗಂತ ಕೈಯನ್ನು ಜೋಳಿಗೆಗೆ ಕಟ್ಟಿಡಬೇಡಿ, ಭುಜ ಹಿಡಿದುಕೊಳ್ಳುತ್ತದೆ. ಡಬ್ಬಿಯನ್ನು ಚರ್ಮದ ಮೇಲಿಂದ ತಿರುವಿ ಆಡಿಸುವ ಅಭ್ಯಾಸ ಬೇಡ, ಲೀಡ್ ಅದಕ್ಕೇ ಸುತ್ತಿಕೊಂಡು ಕಿತ್ತು ಬಂದದ್ದುಂಟು. ಗಾಯ ಕೆಂಪಾಗಿ ಬಿಸಿಯಾದರೆ, ಕೀವು ಬಂದರೆ ಸೀದಾ ಡಬ್ಬಿ ಹಾಕಿದವರ ಬಳಿಗೇ ಹೋಗಿ. ಬೇರೆ ಯಾರೂ ಊತಕ್ಕೆ ಸೂಜಿ ಚುಚ್ಚಬಾರದು. ಬಿಡದ ಬಿಕ್ಕಳಿಕೆ ಅಥವಾ ಮತ್ತೆ ಕಣ್ಣುಕತ್ತಲೆ ಬಂದರೆ ಲೀಡ್ ಸರಿದಿರಬಹುದು, ಅವತ್ತೇ ತೋರಿಸಿ.

ನಾಡಿಯನ್ನು ಪೂರ್ತಿ ಒಂದು ನಿಮಿಷ ಎಣಿಸು. ನಡುವೆ ಬರುವ ಅಡ್ಡಮಿಡಿತ ಮಣಿಕಟ್ಟಿಗೆ ಸಿಗದೆ, ಡಬ್ಬಿಗೆ ಇಟ್ಟ ಕನಿಷ್ಠ ವೇಗವಾದ 60ಕ್ಕಿಂತ ಕಡಿಮೆ ಅನ್ನಿಸುವುದುಂಟು. ಮೊಬೈಲ್ 15 ಸೆಂ.ಮೀ. ದೂರವಿರಲಿ, ಇಂಡಕ್ಷನ್ ಒಲೆಯಿಂದ 60. ಎಂಆರ್‌ಐ ಮಾಡಿಸಬಹುದೇ ಅನ್ನುವುದು ಡಬ್ಬಿ, ಲೀಡ್ ಎರಡನ್ನೂ ನೋಡಿ ತೀರ್ಮಾನವಾಗುವ ವಿಷಯ. ಇವೆರಡರ ವಿವರವಿರುವ ಪೇಸ್‌ಮೇಕರ್ ಕಾರ್ಡ್ ಪರ್ಸಿನಲ್ಲೇ ಇರಲಿ.

ಅಪ್ಪನಿಗೆ ಇದನ್ನು ಓದಿ ಹೇಳು: ಮನುಷ್ಯನ ಮೈಯೊಳಗೆ ಮೊದಲ ಪೇಸ್‌ಮೇಕರ್ ಇಟ್ಟದ್ದು ಇಲ್ಲಿಯ ಕರೋಲಿನ್‌ಸ್ಕಾ ಆಸ್ಪತ್ರೆಯಲ್ಲಿ, 1958ರ ಅಕ್ಟೋಬರ್ 8ರಂದು. ಇಂಜಿನಿಯರ್ ಎಲ್ಮ್‌ಕ್ವಿಸ್ಟ್ ಅದನ್ನು ಶೂ ಪಾಲಿಶ್ ಡಬ್ಬಿಯ ಅಚ್ಚಿನಲ್ಲಿ ಎರಕ ಹೊಯ್ದಿದ್ದರು, ಸರ್ಜನ್ ಸೆನ್ನಿಂಗ್ ಆಪರೇಷನ್ ಮಾಡಿದರು. ಅದು ನಡೆದದ್ದು ಕೆಲವೇ ಗಂಟೆ. ಆದರೆ ಅದನ್ನು ಹಾಕಿಸಿಕೊಂಡ ಆರ್ನೆ ಲಾರ್ಸನ್ ಜೀವಮಾನದಲ್ಲಿ 20ಕ್ಕೂ ಹೆಚ್ಚು ಡಬ್ಬಿ ಬದಲಿಸಿ, 2001ರಲ್ಲಿ 86ನೇ ವಯಸ್ಸಿನಲ್ಲಿ ತೀರಿಕೊಂಡರು.

ಡಿಸ್ಚಾರ್ಜ್ ದಿನ ಡಬ್ಬಿಯನ್ನು ಹೊರಗಿನಿಂದ ಹೊಂದಿಸುವ ಪ್ರೋಗ್ರಾಮರ್ ಯಂತ್ರದ ಪ್ರಿಂಟ್ ಕೇಳಿ ಪಡೆ, ಎಲ್ಲ ಪುಟಗಳ ಫೋಟೋ ಕಳಿಸು.

ಅಮ್ಮನಿಗೂ ಅಪ್ಪನಿಗೂ ನಮಸ್ಕಾರ ತಿಳಿಸು.

ನಿನ್ನ ತಮ್ಮ